ಆಶುಹಾಸ್ಯದ ಹೊಣೆ ಯಾರದು?

ಬರೆದು ಕಲಿತ ಮಾತಿಗೆ ಬರೆದವನೂ ಆಡಿದವನೂ ಹೊಣೆಗಾರರೆಂಬುದು ಸರ್ವಸಮ್ಮತವಾದುದು. ಪರಂತು ಪೂರ್ವಸಿದ್ಧತೆಯಿಲ್ಲದೆ, ರಂಗದ ಮೇಲೆ ಆ ಕ್ಷಣದಲ್ಲಿಯೇ ಹುಟ್ಟಿ ಸಭೆಯನ್ನು ನಗಿಸುವ ಮಾತಿಗೆ ಯಾರು ಹೊಣೆ? ಈ ಪ್ರಶ್ನೆಯನ್ನು ವಾಚಕ ಮಹಾಶಯರ ಮುಂದಿಡಲು ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸುವೆನು.

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ್ಯಗಳು ಪ್ರಸಂಗದಲ್ಲಿ ಲಿಖಿತವಾಗಿರುವುವು. ವೇಷಧಾರಿಗಳು ಆಡುವ ಅರ್ಥವಾದರೋ ಬಹುಮಟ್ಟಿಗೆ ಆಶುವಾದುದು. ಅದರಲ್ಲಿಯೂ ಹಾಸ್ಯಗಾರನಿಗಿರುವ ಸ್ವಾತಂತ್ರ್ಯವು ವಿಶೇಷವಾದುದು. ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ರಾತ್ರಿ, ದೂತನ ಪಾತ್ರದ ಹಾಸ್ಯಗಾರನು ಓಲಗಕ್ಕೆ ಬರುತ್ತಾ, ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ, ಊರಿಗೆಲ್ಲ ಪರಿಚಿತನಾದ ಉಗ್ಗುಮಾತಿನ ಗೃಹಸ್ಥನೊಬ್ಬನನ್ನು ಕಂಡು, ಅವನಂತೆಯೇ ತೊದಲುತ್ತಾ ಸುದ್ದಿಯನ್ನರುಹಿದನು. ಸಭೆಯು ಗೊಳ್ಳೆಂದು ನಕ್ಕಿತು. ಆ ಗೃಹಸ್ಥನು ಮೌನವಾಗಿ ಎದ್ದು, ನಿದ್ದೆಹೋಗಿದ್ದ ಮಗುವನ್ನು ಹೆಗಲಿಗೇರಿಸಿಕೊಂಡು ಕತ್ತಲೆಗೆ ನಡೆದನು. ನಾನೂ ನಕ್ಕಿದ್ದೆನು.

“ಅದು ಆ ಕ್ಷಣಕ್ಕೆ ತೋರಿದ ಮಾತು, ಸಂಕಲ್ಪವಿಲ್ಲದ ಕಡೆ ದೋಷವೆಲ್ಲಿಯದು?” ಎಂದು ಕೆಲವರೆಂದರು. ಈ ವಾದವು ನನಗೆ ಒಪ್ಪಿಗೆಯಾಗದು. ಕೊಡಪಾನವನ್ನು ಎಷ್ಟೇ ಅವಸರದಿಂದ ಇಳಿಬಿಟ್ಟರೂ ಮೇಲೆ ಬರುವುದು ಬಾವಿಯಲ್ಲಿದ್ದ ನೀರೇ ಅಲ್ಲವೆ? ಆಶುವಾಗಿ ಬಂದ ಮಾತು ಯೋಚಿಸದೆ ಬಂದುದಿರಬಹುದು. ಆದರೆ ಸಂಸ್ಕಾರವಿಲ್ಲದೆ ಬಂದುದಲ್ಲ.

“ಹಾಗಾದರೆ ಹಾಸ್ಯಗಾರನ ಬಾಯಿಗೆ ಬೀಗ ಹಾಕಬೇಕೆ?” ಎಂದರೆ, ಬೇಡ. ಅಮೇರಿಕೆಯ ಚಿಕಾಗೋ ನಗರದಲ್ಲಿ 1959ರಲ್ಲಿ ಆರಂಭವಾದ ‘ಸೆಕೆಂಡ್ ಸಿಟಿ’ ಎಂಬ ರಂಗಮಂಡಲಿಯವರು ಪ್ರೇಕ್ಷಕರು ಕೊಟ್ಟ ಸೂಚನೆಯನ್ನೇ ಹಿಡಿದು ಅಲ್ಲಿಯೇ ಪ್ರಹಸನವನ್ನು ಕಟ್ಟುವುದುಂಟು. ಇಂತಹ ಕಲೆಯಲ್ಲಿ ಒಬ್ಬ ನಟನ ಮಾತನ್ನು ಇನ್ನೊಬ್ಬನು ಅಂಗೀಕರಿಸಿ, ಅದಕ್ಕೆ ತನ್ನದನ್ನು ಕೂಡಿಸುವುದೇ ಮುಖ್ಯ ನಿಯಮ. ನಮ್ಮ ಅರ್ಥಧಾರಿಗಳ ವಾಗ್ವಾದವೂ ಇಂತಹುದೇ. ಏಟಿಗೆ ಎದುರೇಟು ಕೊಡುವ ಅಧಿಕಾರವು ಇಬ್ಬರಿಗೂ ಉಂಟು. ಚಾಪೆಯ ಮೇಲೆ ಕುಳಿತವನಿಗೆ ಆ ಅಧಿಕಾರವೆಲ್ಲಿ? ಉತ್ತರ ಕೊಡಲು ಅವಕಾಶವಿಲ್ಲದವನನ್ನು ಆಟದೊಳಗೆ ಎಳೆಯುವುದು ಆಟವಲ್ಲ.

ಭರತಮುನಿಯ ನಾಟ್ಯಶಾಸ್ತ್ರದಂತೆ ಮೊತ್ತಮೊದಲ ಪ್ರಯೋಗವು ಇಂದ್ರಧ್ವಜೋತ್ಸವದಲ್ಲಿ ನಡೆಯಿತು. ತಮ್ಮ ಪರಾಭವವನ್ನು ಅನುಕರಿಸಿದರೆಂದು ಕುಪಿತರಾದ ದೈತ್ಯರು ನಟರ ಮಾತು, ಚೇಷ್ಟೆ, ಸ್ಮೃತಿಗಳನ್ನು ಸ್ತಂಭಿಸಿದರು. ಗ್ರಂಥದ ಕೊನೆಯಲ್ಲಿ, ಋಷಿಗಳನ್ನು ಪರಿಹಾಸ್ಯಮಾಡಿದ ಭರತಪುತ್ರರು ಶಾಪಗ್ರಸ್ತರಾದರು. ದೈತ್ಯರಿಗೆ ಮಾಯೆಯಿತ್ತು, ಋಷಿಗಳಿಗೆ ತಪೋಬಲವಿತ್ತು. ಈ ಬಡ ಗೃಹಸ್ಥನಿಗೆ ಎದ್ದುಹೋಗುವುದೊಂದೇ ಉಳಿದಿತ್ತು. ಶಪಿಸಲಾರದವನನ್ನು ನಗೆಗೀಡುಮಾಡಿದರೆ ಶಾಪವು ತಟ್ಟದಿರಬಹುದು. ಅಷ್ಟರಿಂದ ದೋಷವು ಇಲ್ಲವಾಗುವುದೆ?

ಹಾಗೆಂದು ದೋಷವೆಲ್ಲವೂ ಹಾಸ್ಯಗಾರನದಲ್ಲ. ಅವನು ಸಭೆಯ ಮುಖವನ್ನು ನೋಡಿ ಮುಂದಿನ ಮಾತನ್ನು ಆರಿಸುವನು; ನಮ್ಮ ನಗೆಯೇ ಅವನ ಪ್ರಸಂಗಪುಸ್ತಕ. ಅದೇ ಶಾಸ್ತ್ರವು ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ 6 ಬಗೆಯಾಗಿ ವಿಂಗಡಿಸಿ, ಸಲ್ಲದೆಡೆಯಲ್ಲಿ, ಕಣ್ಣೀರು ಬರುವಂತೆ, ಹೆಗಲೂ ತಲೆಯೂ ಅಲುಗುವಂತೆ ನಗುವುದನ್ನು ಅಪಹಸಿತವೆಂದು ಅಧಮರ ಪಾಲಿಗೆ ಹಾಕಿದೆ. ಇದನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು; ಆ ರಾತ್ರಿ ನನ್ನ ಹೆಗಲೂ ಅಲುಗಿತ್ತು.

ಮರುದಿನ ಆ ಗೃಹಸ್ಥನ ಮನೆಗೆ ಹೋಗಿ ಕ್ಷಮೆ ಬೇಡಿದೆನು. ಆತನು ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, ಬಹಳ ಹೊತ್ತು ಪ್ರಯಾಸಪಟ್ಟು ಹೇಳಿದನು: “ಅವರು ಹೇಳಿದ್ದು ಬಿಡಿ ಮಾಷ್ಟ್ರೇ, ಅದು ವೇಷ. ನನ್ನ ಮಗನ ಮಾಷ್ಟ್ರು ನಕ್ಕದ್ದು ಕೇಳಿತು.”

ಅಂದಿನಿಂದ ಆಟಕ್ಕೆ ಹೋಗುವುದನ್ನು ನಾನು ಬಿಟ್ಟಿಲ್ಲ, ನಗುವುದನ್ನೂ ಬಿಟ್ಟಿಲ್ಲ. ನಗುವ ಮೊದಲು ಚಾಪೆಗಳ ಕಡೆಗೆ ಒಮ್ಮೆ ನೋಡುವೆನು.