ಮೊದಲು ಬಂದವರ ಮನೆ

ನಮ್ಮ ಖಾಲಾ ಗುಂಡ್ಲುಪೇಟೆಯ ಮನೆ ಬಿಟ್ಟು ಚಾಮರಾಜನಗರಕ್ಕೆ ಬಂದದ್ದು 2014ರ ಮಳೆಗಾಲದಲ್ಲಿ. ಖಾಲೂ ತೀರಿಕೊಂಡ ಮೇಲೆ ಅವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ. ಕರೆತರಲು ನಾನು ಹೋದಾಗ ಅವರು ಕಟ್ಟಿಟ್ಟುಕೊಂಡಿದ್ದದ್ದು ಎರಡೇ: ಬಟ್ಟೆ ತುಂಬಿದ ಒಂದು ಟ್ರಂಕು, ಗೋಣಿ ಹೊದಿಸಿದ ಒಂದು ಬುಟ್ಟಿ. ಬುಟ್ಟಿಯೊಳಗೆ ಮುನ್ನಿ ಎಂಬ ಬಿಳಿ ಬೆಕ್ಕು. ರಸ್ತೆಯ ಎರಡೂ ಬದಿ ಹೊಲಗಳಲ್ಲಿ ಚೆಂಡುಹೂವು ಅರಳಿ ನಿಂತಿತ್ತು. ತೆರಕಣಾಂಬಿ ದಾಟುವ ತನಕ ಮುನ್ನಿ ಕೂಗುತ್ತಲೇ ಇತ್ತು. ಆಮೇಲೆ ಸುಮ್ಮನಾಯಿತು.

“ಬೇಟಾ, ನಿನ್ನ ಮನೆಯಲ್ಲಿ ಆಗಲೇ ಎರಡು ಇದಾವಲ್ಲ, ಇದನ್ನು ಸೇರಿಸಿಕೊಳ್ತಾವಾ?” ಎಂದು ಖಾಲಾ ಕೇಳಿದರು.

“ಬೆಕ್ಕುಗಳು ತಾನೇ ಖಾಲಾ, ಎರಡು ದಿನ ಕಿತ್ತಾಡಿ ತಾವೇ ಹೊಂದಿಕೊಳ್ತಾವೆ, ನೀವು ಚಿಂತೆ ಮಾಡಬೇಡಿ” ಎಂದೆ.

ಆ ಮಾತಿನ ಬೆಲೆ ತೆತ್ತವನು ನಾನಲ್ಲ.

ಮನೆಯಲ್ಲಿದ್ದವು ಕಲ್ಲು ಮತ್ತು ನೂರಿ. ಕಲ್ಲು ಎಂಟು ವರ್ಷದ ಕರಿ ಗಂಡುಬೆಕ್ಕು. ನಾನು ಬುಟ್ಟಿಯನ್ನು ನಡುಮನೆಯಲ್ಲಿಟ್ಟು ಗೋಣಿ ತೆಗೆದೆ. ಮುನ್ನಿ ನೇರ ಬೀರುವಿನ ಅಡಿಗೆ ನುಗ್ಗಿತು. ಅತಿಥಿಗೆ ಮರ್ಯಾದೆ ಆಗಲೆಂದು ಒಂದು ತಟ್ಟೆಯಲ್ಲಿ ಮೀನು ಕಲಸಿದ ಅನ್ನ ಹಾಕಿ ಬೀರುವಿನ ಬಳಿ ಸರಿಸಿದೆ. ಅದು ಕಲ್ಲು ಎಂಟು ವರ್ಷ ಉಂಡ ತಟ್ಟೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ನಡೆದ ಕಾಳಗವನ್ನು ಪೊರಕೆ ಹಿಡಿದು ಬಿಡಿಸಬೇಕಾಯಿತು. ಪೊರಕೆ ಬಿದ್ದದ್ದೂ ಕಲ್ಲುವಿಗೇ. ಅವನು ಗೋಡೆ ಹಾರಿ ಹೋದ. ಮೂರನೆಯ ದಿನ ಬಂದು ಹೊಸ್ತಿಲಲ್ಲಿ ಮೂಸಿ ನೋಡಿ ಮರಳಿದ. ಮತ್ತೆ ಬರಲಿಲ್ಲ. ಎರಡು ವಾರ ಗಲ್ಲಿಗಲ್ಲಿ ಹುಡುಕಿದೆ, ಸಿಗಲಿಲ್ಲ.

ಅತಿಥಿ ಸತ್ಕಾರ ಒಳ್ಳೆಯ ಕೆಲಸ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ದಿಕ್ಕಿಲ್ಲದ ಜೀವಕ್ಕೆ ಮನೆಯ ಬಾಗಿಲು ತೆರೆದದ್ದೂ ತಪ್ಪಲ್ಲ. ಹಾಗಾದರೆ ತಪ್ಪು ನಡೆದದ್ದೆಲ್ಲಿ? ಹೊಸಬರಿಗೆ ತೋರಿದ ಪ್ರೀತಿ ಹಳಬರಿಗೆ ಅನ್ಯಾಯವಾಗುವುದು ಯಾವ ಗಳಿಗೆಯಲ್ಲಿ?

ಸುಲಭದ ಉತ್ತರವೊಂದಿದೆ. ಮೊದಲು ಬಂದವರದು ಮನೆ, ಆಮೇಲೆ ಬಂದವರು ತಗ್ಗಿ ಬಗ್ಗಿ ನಡೆಯಬೇಕು. ಊರು, ಭಾಷೆ, ದೇಶಗಳ ವಿಷಯದಲ್ಲೂ ಇದೇ ಮಾತನ್ನು ದಿನವೂ ಕೇಳುತ್ತೇವೆ. ಆದರೆ ಮೊದಲು ಬಂದವರು ಯಾರು? ನಮ್ಮ ಊರಿನ ಹಳೆಯ ಹೆಸರು ಅರಿಕುಠಾರ. ಚಾಮರಾಜನಗರ ಎಂಬ ಹೆಸರು ಬಂದದ್ದು ಮೈಸೂರಿನ ಅರಸರ ಕಾಲದಲ್ಲಿ. ಊರಿಗೇ ಹೊಸ ಹೆಸರು ಬಂದಿರುವಾಗ ಊರಿನವರಲ್ಲಿ ಹಳಬರನ್ನು ಎಲ್ಲಿಂದ ಎಣಿಸುವುದು?

ಇನ್ನು, ಮೊದಲು ಬಂದವರಿಗೆ ನಿಜವಾಗಿ ಹಕ್ಕು ಸಿಕ್ಕಿದೆಯೇ ಎಂದು ನೋಡಬೇಕಾದರೆ ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗಿದರೆ ಸಾಕು. ಆ ಕಾಡಿನಲ್ಲಿ ಸೋಲಿಗರಿಗಿಂತ ಹಳಬರು ಯಾರೂ ಇಲ್ಲ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಅವರನ್ನು ಕಾಡಿನೊಳಗಿನ ಪೋಡುಗಳಿಂದ ಎಬ್ಬಿಸಿ ಅಂಚಿಗೆ ತರಲಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ. ಅದೇ ಜಿಲ್ಲೆಯ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆ ಕಂಡುಕೊಂಡರು. ಅವರು ಈ ನೆಲಕ್ಕೆ ತೀರ ಹೊಸಬರು. ಆದರೆ ಅವರಿಗೆ ಹಿಂದಿರುಗಲು ಊರಿರಲಿಲ್ಲ. ಹಾಗಾಗಿ ಬಂದ ವರ್ಷ ಎಣಿಸಿ ನ್ಯಾಯ ಹೇಳಲಾಗದು. ಹೋಗಲು ಬೇರೆ ಜಾಗ ಯಾರಿಗಿಲ್ಲ ಎಂದು ಕೇಳುವುದೇ ಹೆಚ್ಚು ಸರಿ ಎಂದು ನಾನು ಬಹಳ ದಿನ ನಂಬಿದ್ದೆ.

ಈ ನಂಬಿಕೆಯನ್ನೂ ಕಲ್ಲು ಕೆಡಿಸಿದ. ಮುನ್ನಿಗೆ ಬೇರೆ ಜಾಗವಿರಲಿಲ್ಲ, ನಿಜ. ಕಲ್ಲುವಿಗೆ ಎಲ್ಲಿತ್ತು? ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯ, ಉತ್ತರ ಆಫ್ರಿಕಗಳ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತನ್ನ ಸರಹದ್ದಿನೊಳಗೆ ಇನ್ನೊಂದು ಬಂತೆಂದರೆ ತನ್ನ ಅನ್ನಕ್ಕೇ ಕುತ್ತು ಬಂತೆಂದು ಅದಕ್ಕೆ ತೋರುತ್ತದೆ. ಅದರ ದೊಡ್ಡ ಬಂಧುವಿನ ಕಥೆಯೂ ಇದೇ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150 ಹುಲಿಗಳಿದ್ದವು. ತಾಯಿಯನ್ನು ಬಿಟ್ಟ ಪ್ರಾಯದ ಹುಲಿಗೆ ಕಾಡಿನ ಪ್ರತಿ ತುಂಡಿನಲ್ಲೂ ಇನ್ನೊಂದು ಹುಲಿ ಎದುರಾಗುತ್ತದೆ. ಜಾಗ ಸಿಗದ್ದು ಕಾಡಿನಂಚಿನ ಹೊಲಗಳತ್ತ ಸರಿಯುತ್ತದೆ. ನಾವು ಅಸೂಯೆ, ಜಗಳಗಂಟತನ ಎಂದು ಕರೆಯುವುದು ಎಷ್ಟೋ ಸಲ ಬರಿಯ ಭಯ. ಭಯಪಟ್ಟವನಿಗೆ ಪೊರಕೆ ತೋರಿಸಿದರೆ ಅವನ ಭಯ ನಿಜವೆಂದು ಸಾಬೀತಾಗುತ್ತದೆ ಅಷ್ಟೆ.

ಇಬ್ಬರೂ ದುರ್ಬಲರಾಗಿದ್ದು ಇಬ್ಬರಿಗೂ ಬೇರೆ ಜಾಗವಿಲ್ಲದಿದ್ದಾಗ ಏನು ಮಾಡಬೇಕು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ನನ್ನ ಶಾಲೆಯ ನೆನಪಿನಲ್ಲಿ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟಕ್ಕೆ ಕನ್ನಡ ಹೈಸ್ಕೂಲು ಸೇರಿದೆ. ಕನ್ನಡವನ್ನು ಒಂದು ಪಾಠವಾಗಿ ಓದಿದ್ದೆನೇ ಹೊರತು ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕೇಳಿರಲಿಲ್ಲ. ಒತ್ತಕ್ಷರ ತಪ್ಪಿದಾಗಲೆಲ್ಲ ತರಗತಿ ನಗುತ್ತಿತ್ತು. ನಮ್ಮ ಕನ್ನಡ ಮೇಷ್ಟ್ರು ಹುಡುಗರಿಗೆ “ಇವನನ್ನು ಪ್ರೀತಿಸಿ” ಎಂದು ಉಪದೇಶ ಮಾಡಲಿಲ್ಲ. ಮುಂದಿನ ಬೆಂಚಿನಿಂದ ಯಾರನ್ನೋ ಎಬ್ಬಿಸಿ ನನ್ನನ್ನು ಕೂರಿಸಲೂ ಇಲ್ಲ. ತಮ್ಮ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಸಿದರು. ಒಂದು ತಿಂಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ನನಗೆ ಬರೆಯಿಸಿದರು. ಆಮೇಲೆ ಒಂದು ದಿನ, “ಹೋಗು, ಹಿಂದೆ ಜಾಗ ಇದೆ, ಕೂತ್ಕೋ” ಎಂದರು. ಹೋಗಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಯಾರ ಜಾಗವೂ ಹೋಗಿರಲಿಲ್ಲ, ಹೋಗಿದ್ದು ಮೇಷ್ಟ್ರ ಊಟದ ಬಿಡುವು ಮಾತ್ರ.

ಬಾಗಿಲು ತೆರೆದವನು ಅದರ ಖರ್ಚನ್ನು ತನ್ನ ಪಾಲಿನಿಂದ ಕೊಡಬೇಕು. ನಾನು ಕಲ್ಲುವಿನ ತಟ್ಟೆಯಿಂದ ಕೊಟ್ಟಿದ್ದೆ.

ನೂರಿಯಾದರೂ ಉಳಿಯಲೆಂದು ಪಶುವೈದ್ಯರೊಬ್ಬರ ಬಳಿ ಹೋದೆ. ಅವರು ಹೇಳಿದ್ದರಲ್ಲಿ ಕಷ್ಟದ್ದೇನೂ ಇರಲಿಲ್ಲ, ತಾಳ್ಮೆ ಬೇಕಿತ್ತು. ಹೊಸ ಬೆಕ್ಕಿಗೆ ಮೊದಲು ಲಸಿಕೆ ಹಾಕಿಸಿ, ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮರಳಿನ ಟ್ರೇ ಕೊಡಬೇಕು. ಒಂದರ ಕೆನ್ನೆ ಒರೆಸಿದ ಬಟ್ಟೆಯನ್ನು ಇನ್ನೊಂದು ಮಲಗುವಲ್ಲಿ ಇಡಬೇಕು. ಬೆಕ್ಕುಗಳಿಗೆ ಪರಿಚಯ ಮೊದಲು ಮೂಗಿನಿಂದ, ಕಣ್ಣಿನಿಂದ ಆಮೇಲೆ. ಮುಚ್ಚಿದ ಬಾಗಿಲಿನ ಆಚೆ ಒಂದಕ್ಕೆ, ಈಚೆ ಇನ್ನೊಂದಕ್ಕೆ ಒಂದೇ ಹೊತ್ತಿಗೆ ಊಟ ಹಾಕಬೇಕು. ಕೆಲವು ವಾರಗಳ ಮೇಲೆ ಬಾಗಿಲು ಒಂದು ಬೆರಳಿನಷ್ಟು ತೆರೆಯಬೇಕು. ಬುಸುಗುಟ್ಟಿದರೆ ಗದರಬಾರದು, ಒಂದು ಹೆಜ್ಜೆ ಹಿಂದೆ ಹೋಗಬೇಕು. ಟ್ರೇಗಳು ಬೆಕ್ಕಿಗೊಂದರಂತೆ ಇದ್ದು ಮೇಲೊಂದು ಇರಬೇಕು. ನಾನು ಕಥೆ ಬರೆಯುತ್ತಿದ್ದ ಕೋಣೆಯನ್ನು ಮುನ್ನಿಗೆ ಬಿಟ್ಟುಕೊಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆದೆ. ಎರಡೂವರೆ ತಿಂಗಳು ಹಿಡಿಯಿತು. ನೂರಿ, ಮುನ್ನಿ ಕೊನೆಗೂ ಗೆಳತಿಯರಾಗಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಅದೇ ಗೋಡೆಯ ಮೇಲೆ ಬಿಸಿಲು ಕಾಯಿಸಿದವು. ಸ್ನೇಹ ಬೇರೆ, ನೆರೆತನ ಬೇರೆ. ನೆರೆತನ ಸಾಕು.

ಅಡುಗೆಮನೆಯ ಮೂಲೆಯಲ್ಲಿ ಕೂತಾಗಲೇ ನನಗೆ ಇನ್ನೊಂದು ಸಂಗತಿ ಕಂಡದ್ದು. ಕಪಾಟಿನ ಮೇಲಿನ ಅಟ್ಟದಲ್ಲಿದ್ದ ನನ್ನ ಹೆಂಡತಿಯ ಡಬ್ಬಿಗಳೆಲ್ಲ ನೆಲಕ್ಕೆ ಬಂದಿದ್ದವು. ಅಲ್ಲಿ ಖಾಲಾರ ಪಾತ್ರೆಗಳಿದ್ದವು. ಖಾಲಾ ಬಂದ ದಿನ ಇಬ್ಬರಿಗೂ ನಾನು ಹೇಳಿದ್ದು ಬೆಕ್ಕುಗಳ ಬಗ್ಗೆ ಹೇಳಿದ ಮಾತನ್ನೇ: ಹೊಂದಿಕೊಂಡು ಹೋಗಿ. ಒಬ್ಬಳು ತನ್ನ ಅಟ್ಟ ಕೊಟ್ಟಳು, ಇನ್ನೊಬ್ಬರು ತಮ್ಮ ಮನೆಯನ್ನೇ ಬಿಟ್ಟು ಬಂದರು. ನಾನು ಏನನ್ನೂ ಕೊಡದೆ ಒಳ್ಳೆಯವನೆನಿಸಿಕೊಂಡಿದ್ದೆ. “ಖಾಲಾನ ನೋಡ್ಕೊಳ್ತಿದ್ದಾನೆ” ಎಂದು ಜಮಾತಿನವರು ನನ್ನನ್ನು ಹೊಗಳುತ್ತಿದ್ದರು. ಹೊಂದಿಕೊಳ್ಳಿ ಎಂಬ ಮಾತನ್ನು ಈ ದೇಶದಲ್ಲಿ ಮದುಮಗಳಿಗೆ ಹೇಳುತ್ತಾರೆ, ವಲಸೆ ಬಂದ ಕೂಲಿಯವನಿಗೆ ಹೇಳುತ್ತಾರೆ, ಅಲ್ಪಸಂಖ್ಯಾತನಿಗೆ ಹೇಳುತ್ತಾರೆ. ಹೇಳುವವರು ಸಾಮಾನ್ಯವಾಗಿ ತಾವು ಯಾವುದಕ್ಕೂ ಹೊಂದಿಕೊಳ್ಳಬೇಕಾಗಿಲ್ಲದವರು. ಆ ಸಾಲಿನಲ್ಲಿ ನಾನೂ ಇದ್ದೆ.

ಅಬೂ ಖತಾದ ಎಂಬ ಸಹಾಬಿಯ ಬಗ್ಗೆ ಹದೀಸ್ ಗ್ರಂಥಗಳಲ್ಲಿ ಒಂದು ವರದಿಯಿದೆ. ಅವರ ವುಝೂವಿಗೆಂದು ಸೊಸೆ ಇಟ್ಟ ನೀರಿಗೆ ಬೆಕ್ಕು ಬಂದಾಗ ಅವರು ಪಾತ್ರೆಯನ್ನು ಬಾಗಿಸಿ ಅದಕ್ಕೆ ಕುಡಿಸಿದರು. ಸೊಸೆ ಅಚ್ಚರಿಪಟ್ಟಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುವ ಜೀವಿಗಳಲ್ಲಿ ಸೇರಿದ್ದು ಎಂದು ಪ್ರವಾದಿಯವರು ತಿಳಿಸಿದ್ದಾರೆ ಎಂದರು. ಬಾಲ್ಯದಲ್ಲಿ ಇದನ್ನು ಶುದ್ಧಿಯ ಮಸಲೆಯೆಂದು ಓದಿದ್ದೆ. ಈಗ ಕಣ್ಣಿಗೆ ಬೀಳುವುದು ಬೇರೆ. ಅಬೂ ಖತಾದ ಬಾಗಿಸಿದ್ದು ತಮ್ಮ ಪಾತ್ರೆಯನ್ನು. ಬೆಕ್ಕನ್ನು ಕಟ್ಟಿಹಾಕಿ, ಉಣ್ಣಲೂ ಕೊಡದೆ, ಹುಡುಕಿಕೊಂಡು ತಿನ್ನಲೂ ಬಿಡದೆ ಕೊಂದ ಹೆಂಗಸಿನ ಹದೀಸನ್ನೂ ನಾವು ಓದಿದ್ದೇವೆ. ನಾನು ಕಲ್ಲುವನ್ನು ಕಟ್ಟಿಹಾಕಲಿಲ್ಲ. ಅವನು ಸುತ್ತಾಡುತ್ತಿದ್ದ ದಾರಿಯನ್ನು ಮುಚ್ಚಿದೆ. ಇವೆರಡಕ್ಕೂ ಎಷ್ಟು ಅಂತರ ಎಂದು ಈಗಲೂ ಯೋಚಿಸುತ್ತೇನೆ.

ಖಾಲಾ 2019ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರ ಪಾತ್ರೆಗಳಿಗೆಂದು ನಾನೇ ಬಡಗಿಯನ್ನು ಕರೆಸಿ ನನ್ನ ಪುಸ್ತಕದ ಗೋಡೆಯಲ್ಲಿ ಅಟ್ಟ ಹಾಕಿಸಿದ್ದೆ. ಅದನ್ನು ಮೊದಲ ವಾರವೇ ಮಾಡಬೇಕಿತ್ತು.

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಚರಂಡಿಯಿಂದ ಒಂದು ಮರಿ ಎತ್ತಿಕೊಂಡು ಬಂದಳು. ನೆನೆದು ನಡುಗುತ್ತಿತ್ತು. ಮುದಿಯಾದ ನೂರಿ ಒಲೆಯ ಪಕ್ಕದಿಂದ ತಲೆಯೆತ್ತಿ ನೋಡಿದಳು. “ಅಬ್ಬಾ, ಯಾರ ತಟ್ಟೆಯಲ್ಲಿ ಹಾಕಲಿ?” ಎಂದು ಮಗಳು ಕೇಳಿದಳು.

ಸ್ವಲ್ಪ ಇರು ಎಂದು ಹೇಳಿ, ಕೊಡೆ ಹಿಡಿದು, ಹೊಸದೊಂದು ತಟ್ಟೆ ತರಲು ಅಂಗಡಿಗೆ ಹೋದೆ.