ರಥಪಂಜರವೇ ರಥವೇ?

ಮೌಂಟನ್ ಬೈಕಿನ ಫ್ರೇಮನ್ನೇ ಬದಲಿಸಬೇಕೇ, ಇಲ್ಲವೇ ಫ್ರೇಮ್ ಉಳಿಸಿಕೊಂಡು ಚಕ್ರ, ಟಯರ್, ಕ್ರ್ಯಾಂಕ್‌ಗಳನ್ನು ಹಗುರ ಮಾಡಿದರೆ ಸಾಕೇ ಎಂಬುದು ಸೈಕಲ್ ಅಂಗಡಿಯಲ್ಲಿ ಹಣದ ಪ್ರಶ್ನೆ. ದರ್ಶನಶಾಸ್ತ್ರದಲ್ಲಿ ಇದೇ ಪ್ರಶ್ನೆಗೆ ಅವಯವ–ಅವಯವಿ ವಿಚಾರ ಎಂಬ ಹೆಸರಿದೆ. ಬಿಡಿಭಾಗಗಳು ಅವಯವ, ಅವುಗಳಿಂದಾದ ಇಡಿಯ ವಸ್ತು ಅವಯವಿ. ಇಡಿ ಎಂಬುದು ಬಿಡಿಗಳಿಗಿಂತ ಬೇರೆಯಾಗಿ ಇದೆಯೇ, ಅಥವಾ ಬಿಡಿಗಳ ಗುಂಪಿಗೆ ಇಟ್ಟ ಹೆಸರಷ್ಟೆಯೇ? ಬಿಡಿಗಳು ಒಂದೊಂದಾಗಿ ಬದಲಾಗುತ್ತ ಹೋದರೆ ಯಾವ ಘಳಿಗೆಯಲ್ಲಿ ವಸ್ತುವೇ ಬದಲಾಯಿತೆನ್ನಬೇಕು? ಭಾರತದ ದಾರ್ಶನಿಕರು ಗಡಿಗೆ, ಬಟ್ಟೆ, ರಥಗಳನ್ನು ಮುಂದಿಟ್ಟುಕೊಂಡು ಇದನ್ನು ಶತಮಾನಗಳ ಕಾಲ ಚರ್ಚಿಸಿದರು. ಮೂರರಲ್ಲಿ ಸೈಕಲ್ಲಿಗೆ ಹತ್ತಿರದ ನೆಂಟ ರಥ.

ಮೊದಲು ತಕ್ಕಡಿಯ ಮಾತು. ಹಿಂಬದಿಗೆ ಸಸ್ಪೆನ್ಷನ್ ಇಲ್ಲದ ಸಾಧಾರಣ ಅಲ್ಯೂಮಿನಿಯಂ ಫ್ರೇಮ್ ಸುಮಾರು 1.6ರಿಂದ 2 ಕಿಲೋ ತೂಗುತ್ತದೆ. ಒಳ್ಳೆಯ ಕಾರ್ಬನ್ ಫ್ರೇಮ್ ಒಂದು ಕಿಲೋದ ಆಸುಪಾಸಿನಲ್ಲಿರುತ್ತದೆ. ಇಡೀ ಬೈಕಿನ ತೂಕ 11ರಿಂದ 14 ಕಿಲೋ. ಎಂದರೆ ಫ್ರೇಮ್ ಬದಲಿಸಿದ ಮಾತ್ರಕ್ಕೆ ಇಳಿಯುವುದು ಹೆಚ್ಚೆಂದರೆ ಒಂದು ಕಿಲೋ. ಬಹುಪಾಲು ಭಾರ ಇರುವುದು ಬಿಡಿಭಾಗಗಳಲ್ಲೇ. ರಿಮ್ ಮತ್ತು ಟಯರಿನ ಭಾರಕ್ಕೆ ಇನ್ನೊಂದು ಗುಣವಿದೆ: ಅದು ಮುಂದೆ ಸಾಗುವುದರ ಜೊತೆಗೆ ಸುತ್ತಲೂ ಬೇಕು. ಆದ್ದರಿಂದ ಚಕ್ರದ ಅಂಚಿನ ನೂರು ಗ್ರಾಂ ವೇಗ ಪಡೆಯಲು ಫ್ರೇಮಿನ ನೂರು ಗ್ರಾಂಗಿಂತ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಡುತ್ತದೆ. ಇದು ವೇಗ ಏರುವ ಹೊತ್ತಿಗೆ ಮಾತ್ರ ಸತ್ಯ. ಒಂದೇ ವೇಗದಲ್ಲಿ ದಿಣ್ಣೆ ಹತ್ತುವಾಗ ಗ್ರಾಂ ಎಲ್ಲಿದ್ದರೂ ಗ್ರಾಮೇ. ಸವಾರನೂ ಬೈಕೂ ಸೇರಿ ನೂರು ಕಿಲೋ ಇದ್ದರೆ, ಒಂದು ಗಂಟೆ ಹಿಡಿಯುವ ಕಡಿದಾದ ಏರಿನಲ್ಲಿ ಒಂದು ಕಿಲೋ ಉಳಿಸಿದ್ದಕ್ಕೆ ಸಿಗುವುದು ಹೆಚ್ಚೆಂದರೆ 36 ಸೆಕೆಂಡು. ಇಷ್ಟು ಲೆಕ್ಕ ಹಾಕಿದರೆ ಉತ್ತರ ಬಿಡಿಭಾಗಗಳ ಕಡೆಗೇ ವಾಲುತ್ತದೆ, ಅದೂ ಚಕ್ರದ ಕಡೆಗೆ. ಆದರೂ ಸವಾರರಿಗೆ ಫ್ರೇಮಿನ ಮೇಲಿನ ಆಸೆ ಹೋಗುವುದಿಲ್ಲ. ಆ ಆಸೆ ಬರೀ ಭ್ರಮೆಯೇ ಎಂಬುದು ವಿಚಾರಿಸಬೇಕಾದ ವಿಷಯ.

ಈ ಬೈಕಿನ ಹುಟ್ಟುಕಥೆಯಲ್ಲೇ ಎರಡೂ ದಾರಿಗಳು ಇವೆ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಮರಿನ್ ಕೌಂಟಿಯ ಹುಡುಗರು ಷ್ವಿನ್ ಕಂಪನಿಯ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಟಮಲ್‌ಪಾಯಿಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಒಂದೇ ಇಳಿಜಾರಿಗೆ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದಲೇ ಆ ಕೌಂಟಿಯ ಒಂದು ಇಳಿಜಾರು ದಾರಿಗೆ ರಿಪ್ಯಾಕ್ ಎಂಬ ಹೆಸರು. 1976ರಲ್ಲಿ ಅಲ್ಲಿ ಪಂದ್ಯ ಆರಂಭವಾಯಿತು. ಗ್ಯಾರಿ ಫಿಷರ್ ಮತ್ತು ಗೆಳೆಯರು ಹಳೆಯ ಫ್ರೇಮಿಗೇ ಗೇರ್, ಡ್ರಮ್ ಬ್ರೇಕ್, ಮೋಟಾರ್‌ಸೈಕಲ್ಲಿನ ಬ್ರೇಕ್ ಹಿಡಿಗಳನ್ನು ಜೋಡಿಸುತ್ತ ಹೋದರು. ಇದು ಬಿಡಿಭಾಗದ ದಾರಿ. 1977ರಲ್ಲಿ ಜೋ ಬ್ರೀಜ್ ಬೆಟ್ಟದ ದಾರಿಗೆಂದೇ ಕ್ರೋಮೋಲಿ ಉಕ್ಕಿನ ಕೊಳವೆಗಳಿಂದ ಹೊಸ ಫ್ರೇಮ್ ಬೆಸೆದ. ಅದು ಫ್ರೇಮಿನ ದಾರಿ. ಮೊದಲ ನಿಜವಾದ ಮೌಂಟನ್ ಬೈಕ್ ಯಾವುದೆಂಬ ವಾದದಲ್ಲಿ ಹಲವರು ಬೆರಳು ತೋರುವುದು ಬ್ರೀಜ್‌ನ ಕೆಲಸದ ಕಡೆಗೆ. ಅವನ ಆ ಮೊದಲ ಸೈಕಲ್ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹದಲ್ಲಿದೆ. ಗೇರ್ ಬಂದ ದಿನಕ್ಕಿಂತ ಫ್ರೇಮ್ ಬಂದ ವರ್ಷವನ್ನೇ ಹುಟ್ಟಿದ ವರ್ಷವೆಂದು ಎಣಿಸುವ ಈ ರೂಢಿ ಗಮನಿಸತಕ್ಕದ್ದು. ಸೈಕಲ್ಲಿನ ಗುರುತಿನ ಸಂಖ್ಯೆಯನ್ನು ಅಚ್ಚು ಹಾಕುವುದೂ ಫ್ರೇಮಿನ ಮೇಲೆಯೇ, ಸಾಮಾನ್ಯವಾಗಿ ಕ್ರ್ಯಾಂಕಿನ ಅಚ್ಚು ಹಾಯುವ ಕೊಳವೆಯ ತಳದಲ್ಲಿ. ನಮ್ಮ ಆರ್‌ಸಿ ಪುಸ್ತಕದಲ್ಲಿ ಚಾಸಿ ನಂಬರಿಗೆ ಇರುವ ಮರ್ಯಾದೆಯೂ ಇಂಥದ್ದೇ.

ಈ ಮರ್ಯಾದೆಗೆ ಮೊದಲ ಪೆಟ್ಟು ಕೊಟ್ಟವರು ಬೌದ್ಧರು. ಪಾಲಿಯ ಮಿಲಿಂದಪಞ್ಹದಲ್ಲಿ ಗ್ರೀಕ್ ಮೂಲದ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಕಾಣಲು ರಥದಲ್ಲಿ ಬರುತ್ತಾನೆ. ಈಸು ರಥವೇ, ಅಚ್ಚು ರಥವೇ, ಚಕ್ರ ರಥವೇ ಎಂದು ಕೇಳುತ್ತ ನಾಗಸೇನ ರಥಪಂಜರ ರಥವೇ ಎಂದೂ ಕೇಳುತ್ತಾನೆ. ರಥಪಂಜರವೆಂದರೆ ರಥದ ಚೌಕಟ್ಟು, ಇವತ್ತಿನ ಮಾತಿನಲ್ಲಿ ಫ್ರೇಮ್. ದೊರೆ ಎಲ್ಲಕ್ಕೂ ಅಲ್ಲವೆನ್ನುತ್ತಾನೆ. ಎಲ್ಲ ಸೇರಿದ್ದು ರಥವೇ ಎಂದರೆ ಅದಕ್ಕೂ ಅಲ್ಲ, ಇವನ್ನೆಲ್ಲ ಬಿಟ್ಟು ಬೇರೊಂದೇ ಎಂದರೆ ಅದಕ್ಕೂ ಅಲ್ಲ. ಕಡೆಗೆ ಇವೆಲ್ಲವನ್ನು ಅವಲಂಬಿಸಿ ರಥ ಎಂಬ ವ್ಯವಹಾರದ ಹೆಸರು ನಡೆಯುತ್ತದೆ ಎಂದು ದೊರೆಯೇ ಒಪ್ಪಬೇಕಾಗುತ್ತದೆ. ಮನುಷ್ಯನಲ್ಲಿ ಸ್ಥಿರವಾದ ಆತ್ಮವೆಂಬುದಿಲ್ಲ ಎಂಬುದನ್ನು ತೋರಿಸಲು ನಾಗಸೇನ ಹೂಡಿದ ಉಪಾಯ ಇದು. ಪಟ್ಟಿಯಲ್ಲಿ ಚೌಕಟ್ಟನ್ನೂ ಅವನು ಚಕ್ರ, ನೊಗಗಳ ಸಾಲಿನಲ್ಲೇ ನಿಲ್ಲಿಸಿದ; ಅದಕ್ಕೊಂದು ಎತ್ತರದ ಪೀಠ ಕೊಡಲಿಲ್ಲ.

ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಅವಯವಿ ಎಂಬುದು ಬಿಡಿಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ನಂಟಿನಿಂದ ನೆಲೆಸಿದ, ಆದರೆ ಬಿಡಿಗಳಿಗಿಂತ ಬೇರೆಯಾದ, ನಿಜವಾದ ವಸ್ತು. ನ್ಯಾಯಸೂತ್ರ ಇದಕ್ಕೆ ಕೊಡುವ ಒಂದು ಯುಕ್ತಿ ಮನೆಮಾತಿನಷ್ಟು ಸರಳ: ಒಂದು ಭಾಗವನ್ನು ಹಿಡಿದೆಳೆದರೆ ಇಡೀ ವಸ್ತು ಬರುತ್ತದೆ. ಹ್ಯಾಂಡಲ್ ಹಿಡಿದೆಳೆದರೆ ಹಿಂದಿನ ಚಕ್ರವೂ ಬರುತ್ತದೆ. ಬರೀ ಗುಂಪಾಗಿದ್ದರೆ ಕೈಗೆ ಹ್ಯಾಂಡಲ್ ಮಾತ್ರ ಬರಬೇಕಿತ್ತು. ಆದರೆ ಈ ನಿಜವಾದ ವಸ್ತುವಿಗೆ ಆಯುಷ್ಯ ಬಲು ಕಡಿಮೆ. ಅವಯವಗಳ ಸಂಯೋಗ ಕಳಚಿದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ. ಬಿಗಿಯಾಗಿ ಹೇಳಿದರೆ ಪೆಡಲ್ ಬದಲಿಸಿದರೂ ಬೈಕ್ ಬೇರೆಯೇ. ಮತ್ತೆ ಇದು ಅದೇ ಎಂಬ ಗುರುತು ಹೇಗೆ ಹುಟ್ಟುತ್ತದೆ? ದೀಪದ ಕುಡಿ ಕ್ಷಣಕ್ಷಣ ಬೇರೆಯಾದರೂ ಅದೇ ದೀಪವೆನ್ನುವ ಹಾಗೆ, ಹೋಲಿಕೆಯಿಂದ. ಇಡಿಯನ್ನು ಉಳಿಸಲು ಹೊರಟವರು ಕಡೆಗೆ ಅದನ್ನು ಬೌದ್ಧರಿಗಿಂತ ಹೆಚ್ಚು ಸಲ ಸಾಯಿಸಬೇಕಾಯಿತು ಎನ್ನಬಹುದು.

ಉಡುಪಿಯ ಮಧ್ವಾಚಾರ್ಯರ ಸಂಪ್ರದಾಯ ನಡುವೆ ಒಂದು ಗೆರೆ ಎಳೆಯುತ್ತದೆ. ದ್ರವ್ಯ ಇರುವಷ್ಟು ಕಾಲವೂ ಇರುವ ಧರ್ಮಗಳು ದ್ರವ್ಯದೊಡನೆ ಅಭಿನ್ನ, ನಡುವೆ ಬಂದು ಹೋಗುವಂಥವು ಭಿನ್ನವೂ ಹೌದು ಅಭಿನ್ನವೂ ಹೌದು. ಸೈಕಲ್ ಸವಾರರ ಸಾಮಾನ್ಯ ಬುದ್ಧಿಗೆ ಈ ಮಾತು ಹತ್ತಿರ: ಸವೆದು ಹೋಗಲೆಂದೇ ಇರುವ ಟಯರು, ಚೈನುಗಳನ್ನು ಅವರು ಬೈಕಿನ ಸ್ವರೂಪದಲ್ಲಿ ಎಣಿಸುವುದಿಲ್ಲ.

ಏಳನೆಯ ಶತಮಾನದ ಬೌದ್ಧ ದಾರ್ಶನಿಕ ಚಂದ್ರಕೀರ್ತಿ ತನ್ನ ಮಧ್ಯಮಕಾವತಾರದಲ್ಲಿ ರಥವನ್ನು ಏಳು ಬಗೆಯಲ್ಲಿ ಹುಡುಕಿ ಎಲ್ಲೂ ಕಾಣದೆ ಹೋಗುತ್ತಾನೆ. ಅದು ಬಿಡಿಗಳಿಗಿಂತ ಬೇರೆಯಲ್ಲ, ಬಿಡಿಗಳೇ ಅಲ್ಲ, ಬಿಡಿಗಳನ್ನು ಹೊಂದಿರುವುದಲ್ಲ, ಬಿಡಿಗಳಲ್ಲಿಲ್ಲ, ಬಿಡಿಗಳು ಅದರಲ್ಲಿಲ್ಲ, ಬಿಡಿಗಳ ರಾಶಿಯಲ್ಲ. ಏಳನೆಯದು ಸಂಸ್ಥಾನ, ಎಂದರೆ ಆಕಾರ ಅಥವಾ ಜೋಡಣೆ. ಅದನ್ನೂ ಅವನು ತಳ್ಳುತ್ತಾನೆ: ಜೋಡಿಸುವ ಮೊದಲು ಚಕ್ರಕ್ಕಿದ್ದ ಆಕಾರವೇ ಜೋಡಿಸಿದ ಮೇಲೂ ಇದೆ, ಹೊಸ ಆಕಾರ ರಾಶಿಯದ್ದು ಎಂದರೆ ರಾಶಿಯೇ ನಿಜವಲ್ಲ. ಪರಮಾರ್ಥದಲ್ಲಿ ವಾದ ಗಟ್ಟಿ. ಲೋಕವ್ಯವಹಾರದಲ್ಲಿ ರಥವನ್ನು ಬಿಚ್ಚಿ ನೋಡದೆ ಒಪ್ಪಿಕೊಳ್ಳಬೇಕೆಂದು ಅವನೇ ಹೇಳುತ್ತಾನೆ. ಆ ವ್ಯವಹಾರದ ಮಟ್ಟದಲ್ಲಿ, ಅವನು ತಳ್ಳಿದ ಈ ಏಳನೆಯದೇ ಫ್ರೇಮಿನ ಗುಟ್ಟು.

ಫ್ರೇಮ್ ಒಂದು ಬಿಡಿಭಾಗವಾಗಿ ಹೆಚ್ಚೇನೂ ಮಾಡುವುದಿಲ್ಲ. ಸುತ್ತುವುದಿಲ್ಲ, ಹಿಡಿಯುವುದಿಲ್ಲ, ಎಳೆಯುವುದಿಲ್ಲ. ಅದರ ಕೆಲಸ ಉಳಿದವುಗಳ ನಡುವಿನ ದೂರ ಮತ್ತು ಕೋನಗಳನ್ನು ನಿಗದಿ ಮಾಡುವುದು: ಪೆಡಲಿನಿಂದ ಹ್ಯಾಂಡಲ್ ಎಷ್ಟು ಮುಂದೆ, ಸೀಟು ಯಾವ ಕೋನದಲ್ಲಿ, ಮುಂದಿನ ಫೋರ್ಕ್ ಎಷ್ಟು ಓರೆ. ಹಳೆಯ ಮೌಂಟನ್ ಬೈಕುಗಳಲ್ಲಿ ಫೋರ್ಕಿನ ಕೋನ ಸುಮಾರು 70–71 ಡಿಗ್ರಿ ಇತ್ತು. ಇಂದಿನ ಹಲವು ಟ್ರೇಲ್ ಬೈಕುಗಳಲ್ಲಿ ಅದು 64–66ಕ್ಕೆ ಬಂದಿದೆ. ಮುಂದಿನ ಚಕ್ರ ಸವಾರನಿಂದ ದೂರ ಸರಿದಷ್ಟೂ ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮುಗ್ಗರಿಸುವ ಭಯ ಕಡಿಮೆ. ಬಿಡಿಭಾಗಗಳಿಂದ ಈ ಜೋಡಣೆಯನ್ನು ಸ್ವಲ್ಪ ತಿದ್ದಬಹುದು. ಗಿಡ್ಡ ಸ್ಟೆಮ್ ಹ್ಯಾಂಡಲನ್ನು ಹತ್ತಿರ ತರುತ್ತದೆ, 20 ಮಿಲಿಮೀಟರ್ ಹೆಚ್ಚು ಉದ್ದದ ಫೋರ್ಕ್ ಕೋನವನ್ನು ಒಂದು ಡಿಗ್ರಿಯಷ್ಟು ಇಳಿಸುತ್ತದೆ. ಐದಾರು ಡಿಗ್ರಿ ಮಾತ್ರ ಯಾವ ಬಿಡಿಭಾಗದಲ್ಲೂ ಸಿಗದು. ಹಗುರ ರಿಮ್ ಹಾಕುವುದು ಗುಣದ ಬದಲಾವಣೆ, ಫ್ರೇಮ್ ಹಾಕುವುದು ಸಂಸ್ಥಾನದ ಬದಲಾವಣೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕ ಮಾಡಿದಾಗಲೇ ಪ್ರಶ್ನೆ ಕೆಟ್ಟುಹೋಗುತ್ತದೆ.

ಬಿಡಿಗಳು ಇಡಿಯಿಂದ ಸ್ವತಂತ್ರವಲ್ಲ ಎಂಬುದನ್ನೂ ಫ್ರೇಮ್ ಬದಲಿಸಿದವರು ದುಡ್ಡು ಕೊಟ್ಟು ಕಲಿಯುತ್ತಾರೆ. ಹಳೆಯ ಹಿಂಚಕ್ರದ ಹಬ್ 135 ಮಿಲಿಮೀಟರ್ ಅಗಲ, ಹೊಸ ಫ್ರೇಮ್ ಕೇಳುವುದು ಬಹುಮಟ್ಟಿಗೆ 148. 26 ಇಂಚಿನ ಚಕ್ರದ ಜಾಗಕ್ಕೆ 27.5 ಮತ್ತು 29 ಇಂಚು ಬಂದಿವೆ. ಚೆನ್ನಾಗಿದ್ದ ಚಕ್ರ ಒಂದೇ ದಿನದಲ್ಲಿ ಚಕ್ರವಾಗಿರುವುದನ್ನು ಬಿಟ್ಟು ಗೋಡೆಯ ಮೊಳೆಗೆ ನೇತುಬೀಳುತ್ತದೆ.

ಹಾಗೆ ನೇತುಬಿದ್ದವು ಪಶ್ಚಿಮದ ಒಂದು ಒಗಟಿಗೆ ಸಾಮಗ್ರಿ. ಅಥೆನ್ಸಿನವರು ಥೀಸಿಯಸ್‌ನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸಿದರು ಎಂದು ಪ್ಲೂಟಾರ್ಕ್ ಬರೆದ. ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ಥೀಸಿಯಸ್‌ನದು ಎಂದು ಥಾಮಸ್ ಹಾಬ್ಸ್ 1655ರಲ್ಲಿ ಕೇಳಿದ. ಹಡಗಿನ ವಿಷಯದಲ್ಲಿ ಅದು ಕಲ್ಪನೆ. ಸೈಕಲ್ಲಿನವರ ಮನೆಯಲ್ಲಿ ದಿನದ ಸಂಗತಿ. ಮೂರು ವರ್ಷ ಬಿಡಿಭಾಗ ಬದಲಿಸಿ, ತೆಗೆದವನ್ನೆಲ್ಲ ಒಂದು ಅಗ್ಗದ ಫ್ರೇಮಿಗೆ ಹಾಕಿ ತಮ್ಮನಿಗೆ ಕೊಟ್ಟರೆ, ಹಳೆಯ ಬೈಕ್ ಯಾರ ಹತ್ತಿರ ಇದೆ? ಫ್ರೇಮ್ ನಂಬರ್ ಅಣ್ಣನ ಕಡೆಗೆ, ಸವೆತದ ಗುರುತುಗಳು ತಮ್ಮನ ಕಡೆಗೆ.

ಪುರಿಯ ರಥಯಾತ್ರೆ ಇದಕ್ಕೆ ಬೇರೊಂದು ತೆರನ ಉತ್ತರ ಕೊಡುತ್ತದೆ. ಅಲ್ಲಿ ಮೂರು ರಥಗಳ ಚೌಕಟ್ಟು, ಚಕ್ರಗಳನ್ನು ಪ್ರತಿ ವರ್ಷ ಹೊಸ ಮರದಲ್ಲಿ ಮಾಡುತ್ತಾರೆ. ಕುದುರೆ, ಸಾರಥಿಯಂಥ ಕೆತ್ತನೆಗಳು ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತವೆ. ಫ್ರೇಮ್ ಹೋಯಿತು, ಅಲಂಕಾರ ಉಳಿಯಿತು. ಆದರೂ ಜಗನ್ನಾಥನ ಹದಿನಾರು ಚಕ್ರದ ರಥ ಪ್ರತಿ ವರ್ಷವೂ ನಂದಿಘೋಷವೇ. ಮರದಲ್ಲಿ ಇಲ್ಲದ ಅನನ್ಯತೆಯನ್ನು ಅಲ್ಲಿ ಅಳತೆ, ಹೆಸರು ಮತ್ತು ವಿಧಿ ಹೊತ್ತಿವೆ. ಇಲ್ಲೂ ಅಳತೆ ಎಂಬ ಮಾತು ಬಂದಿತು.

ಹಳಗನ್ನಡದ ಜೈನ ಕವಿಗಳು ಕಾವ್ಯದ ಮೊದಲಿಗೆ ಭಕ್ತಿಯಿಂದ ನೆನೆಯುವ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಗಡಿಗೆಯನ್ನು ಕರಗಿಸಿ ಕಿರೀಟ ಮಾಡಿದರೆ ಗಡಿಗೆ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವವೂ ನಿರಾಧಾರವಲ್ಲ. ವಸ್ತುವಿನಲ್ಲೇ ಹುಟ್ಟು, ಅಳಿವು, ಇರವು ಒಟ್ಟಿಗಿವೆ. ಬೈಕಿನ ಮುಂದೆ ನಿಂತವನು ಮೊದಲು ತಾನು ಈ ಮೂವರಲ್ಲಿ ಯಾರೆಂದು ತಿಳಿದುಕೊಳ್ಳಬೇಕು. ಹಳೆಯ ಫ್ರೇಮಿನ ನೆನಪು ಬೇಕಾದವನು ಅದನ್ನು ಬದಲಿಸಬಾರದು, ಎಷ್ಟೇ ಭಾರವಿರಲಿ. ಬೆಟ್ಟ ಹತ್ತಿ ಇಳಿಯುವುದಷ್ಟೇ ಬೇಕಾದವನು ಫ್ರೇಮಿನ ಅಳತೆ ಮೈಗೂ ದಾರಿಗೂ ಹೊಂದುತ್ತದೆಯೇ ನೋಡಬೇಕು. ಹೊಂದಿದರೆ ಮೊದಲು ಟಯರು, ಆಮೇಲೆ ಚಕ್ರ. ಹೊಂದದಿದ್ದರೆ ಬಿಡಿಭಾಗಕ್ಕೆ ಒಂದು ರೂಪಾಯಿಯೂ ಖರ್ಚು ಮಾಡದೆ ಫ್ರೇಮಿಗೆ ಕೂಡಿಡಬೇಕು. ಇದಕ್ಕೆಲ್ಲ ಒಂದೇ ಅಪವಾದವಿದೆ. ಅಲ್ಯೂಮಿನಿಯಂ ಫ್ರೇಮಿನ ಬೆಸುಗೆಯ ಬಳಿ ಬಿರುಕು ಕಂಡರೆ ಅಂದೇ ಆ ಬೈಕಿನಿಂದ ಇಳಿಯಬೇಕು, ಮತ್ತೆ ಅದನ್ನು ಬೆಟ್ಟಕ್ಕೆ ಒಯ್ಯುವಂತಿಲ್ಲ.