ನಿಷ್ಠೆ ಯಾರಿಗೆ?

ವಕೀಲ: ಮೇಷ್ಟ್ರೇ, ಜೀವಮಾನವೆಲ್ಲ ಒಂದೇ ಪಕ್ಷಕ್ಕೆ ಓಟು ಹಾಕಿದವರು ಈಗ ಊರಿಗೆ ನಾಲ್ಕು ಜನ ಸಿಕ್ಕರೆ ಹೆಚ್ಚು.

ಮೇಷ್ಟ್ರು: ಅದರಲ್ಲಿ ನಾನೊಬ್ಬ. ಕಾಂಗ್ರೆಸ್ಸಿನ ಜೋಡೆತ್ತು ಹೋಗಿ ಹಸು-ಕರು ಬಂತು, ಅದೂ ಹೋಗಿ ಹಸ್ತ ಬಂತು. ನಾನು ಬದಲಾಗಲಿಲ್ಲ.

ವಕೀಲ: ಗುರುತಷ್ಟೇ ಬದಲಾದದ್ದೇ? 1969ರಲ್ಲಿ ಪಕ್ಷ ಒಡೆದಾಗ ನಿಜಲಿಂಗಪ್ಪನವರು ಒಂದು ಕಡೆ, ಇಂದಿರಾ ಗಾಂಧಿ ಇನ್ನೊಂದು ಕಡೆ. ಹತ್ತು ವರ್ಷ ಕಳೆದ ಮೇಲೆ ದೇವರಾಜ ಅರಸರೂ ಇಂದಿರಾರಿಂದ ಬೇರೆಯಾದರು. ನೀವು ನಿಷ್ಠರಾಗಿದ್ದು ಯಾರಿಗೆ?

ಮೇಷ್ಟ್ರು: ನಮ್ಮಪ್ಪ ಗೇಣಿದಾರ ಕಣಯ್ಯಾ. 1974ರ ಭೂ ಸುಧಾರಣೆ ತಿದ್ದುಪಡಿ ಬಂತು, ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದ, ಉಳುತ್ತಿದ್ದ ಹೊಲ ಅವನದಾಯಿತು. ಆ ಋಣ ಇದೆಯಲ್ಲ, ಅದು ಒಂದು ಚುನಾವಣೆಗೆ ತೀರುವಂಥದ್ದಲ್ಲ.

ವಕೀಲ: ಋಣ ಒಂದು ಕಡೆ ಇರಲಿ. 1984ರ ಡಿಸೆಂಬರ್‌ನಲ್ಲಿ ಇದೇ ರಾಜ್ಯ ಲೋಕಸಭೆಗೆ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಜನತಾ ಪಕ್ಷಕ್ಕೆ 139! ಮೂರೇ ತಿಂಗಳಲ್ಲಿ ಜನ ನಿಯತ್ತು ಕಳೆದುಕೊಂಡರೇ? ದಿಲ್ಲಿಗೊಂದು, ಬೆಂಗಳೂರಿಗೊಂದು ಅಂತ ತೂಗಿ ನೋಡಿದರು, ಅಷ್ಟೇ. ಆಮೇಲೆ ಅಧಿಕಾರದಲ್ಲಿದ್ದ ಯಾವ ಪಕ್ಷಕ್ಕೂ ಇಲ್ಲಿ ಮತ್ತೆ ಬಹುಮತ ಸಿಕ್ಕಿಲ್ಲ.

ಮೇಷ್ಟ್ರು: ತೂಗುವವನಿಗೆ ಪಕ್ಷ ಕೆಟ್ಟರೆ ಸಿಟ್ಟು ಬರುತ್ತದೆ. ನನಗೆ ನಾಚಿಕೆಯಾಗುತ್ತದೆ. ಎರಡೂ ಒಂದೇ ಅಲ್ಲ. ಸಿಟ್ಟು ಬಂದವನು ಎದ್ದು ಹೋಗುತ್ತಾನೆ, ನಾಚಿಕೆಯಾದವನು ಅಲ್ಲೇ ನಿಂತು ಬೈಯುತ್ತಾನೆ.

ವಕೀಲ: ಬೈದಿರಾ?

ಮೇಷ್ಟ್ರು: ...ಮನೆಯಲ್ಲಿ.

ವಕೀಲ: ನಾಯಕರು ಹಾರಬಹುದು, ಮತದಾರ ಮಾತ್ರ ಪತಿವ್ರತೆಯಾಗಿರಬೇಕು! 2019ರಲ್ಲಿ ಹದಿನೇಳು ಶಾಸಕರು ಅನರ್ಹರಾದರು. ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಹನ್ನೆರಡು ಬಿಜೆಪಿಗೆ ಹೋದವು. ಗೆದ್ದವರಲ್ಲಿ ಹೆಚ್ಚಿನವರು ಪಕ್ಷ ಬಿಟ್ಟು ಬಂದ ಅದೇ ಮುಖಗಳು.

ಮೇಷ್ಟ್ರು: ಹಾಗಾದರೆ ನಿಷ್ಠೆ ಎಲ್ಲಿ ಸತ್ತಿದೆ? ಪಕ್ಷದ ಕೈಬಿಟ್ಟು ಆಸಾಮಿಯ ಬೆನ್ನು ಹತ್ತಿದೆ. ಪಕ್ಷಕ್ಕಾದರೆ ಒಂದು ಪ್ರಣಾಳಿಕೆ ಇರುತ್ತದೆ, ಇದು ಎಲ್ಲಿ ಹೋಯಿತು ಅಂತ ಕೇಳಬಹುದು. ಆಸಾಮಿಯ ಹತ್ತಿರ ಕೇಳುವುದೇನು, ಬೇಡುವುದಷ್ಟೇ.

ವಕೀಲ: ಇದನ್ನು ಒಪ್ಪುತ್ತೇನೆ. ನನ್ನ ವಾದಕ್ಕೆ ಇದು ಸ್ವಲ್ಪ ತೊಡಕೇ.

(ಇಲ್ಲಿಯವರೆಗೆ ಅಕ್ಕಿ ಆರಿಸುತ್ತ ಕೂತಿದ್ದ ಮೇಷ್ಟ್ರ ಹೆಂಡತಿ ಬಾಯಿ ಹಾಕಿದರು. ಮೊದಲೇ ಹಾಕಿದ್ದರೆ ಮಾತು ಇಷ್ಟು ಸುತ್ತುತ್ತಿರಲಿಲ್ಲ.)

ಹೆಂಡತಿ: ನಮ್ಮನೇಲಿ ಐದು ಓಟು ಅಂತ ಏಜೆಂಟರಿಗೆ ಲೆಕ್ಕ ಕೊಡೋರು ಇವರೇ. ನನ್ನನ್ನ ಕೇಳಿದ್ದು ಯಾವಾಗ?

ವಕೀಲ: ಅಂದರೆ ನಿಷ್ಠಾವಂತ ಮತ ಒಂದೇ, ಉಳಿದ ನಾಲ್ಕು ಮನೆಯೊಡೆಯನದು. ಅಮ್ಮಾ, ನೀವು ಯಾರಿಗೆ ಹಾಕಿದಿರಿ?

ಹೆಂಡತಿ: 2023ರಲ್ಲಿ ಒಬ್ಬರಿಗೆ, 2024ರಲ್ಲಿ ಇನ್ನೊಬ್ಬರಿಗೆ.

ಮೇಷ್ಟ್ರು: ಕಾಂಗ್ರೆಸ್ಸಿನ ಗೃಹಲಕ್ಷ್ಮಿ ಎರಡು ಸಾವಿರ ತಗೊಂಡು?

ಹೆಂಡತಿ: ದುಡ್ಡು ಸರ್ಕಾರದ್ದು ರೀ, ಪಕ್ಷದ್ದಲ್ಲ.

ಮೇಷ್ಟ್ರು: ಸರ್ಕಾರ ತಾನಾಗೇ ಕೊಡುತ್ತದೇನೇ? ಯಾರಾದರೂ ಹಟ ಹಿಡಿದು ತರಬೇಕು. ಅಪ್ಪನ ಹೊಲಕ್ಕೆ ಅರಸರು ತಂದ ಹಾಗೆ. ತಂದವರನ್ನ ಮರೆಯೋದು ಸರಿಯಾ?

ಹೆಂಡತಿ: 1980ರಲ್ಲಿ ಅರಸರ ಕಾಂಗ್ರೆಸ್ ಬೇರೆ ನಿಂತಿತ್ತಲ್ಲ, ಆವಾಗ ನೀವು ಯಾರಿಗೆ ಒತ್ತಿದ್ರಿ?

ಮೇಷ್ಟ್ರು: ಹಸ್ತಕ್ಕೆ.